ಸಲಿಕೆ, ಹಿಮ, ಸೊಂಟ: ಎತ್ತುವುದಕ್ಕಿಂತ ತಳ್ಳುವುದು ಲೇಸು

ರಸ್ತೆಯಿಂದ ಮನೆಯ ಗ್ಯಾರೇಜಿಗೆ ಬರುವ, ಎರಡು ಕಾರು ನಿಲ್ಲುವಷ್ಟು ಅಗಲದ ಡ್ರೈವ್‌ವೇ ಒಂದನ್ನು ತೆಗೆದುಕೊಳ್ಳಿ. ಅಗಲ 5 ಮೀಟರ್, ಉದ್ದ 12 ಮೀಟರ್. ರಾತ್ರಿ 15 ಸೆಂಟಿಮೀಟರ್, ಅಂದರೆ ಆರು ಇಂಚು ಹಿಮ ಬಿದ್ದಿದೆ. ಕೆನಡಾದ ಟೊರಾಂಟೊ, ಅಮೆರಿಕದ ಮಿನಿಯಾಪೊಲಿಸ್, ಬಾಸ್ಟನ್ ಕಡೆ ಇದು ಸುದ್ದಿಯೂ ಅಲ್ಲ. ಲೆಕ್ಕ ಹಾಕಿದರೆ 9 ಘನ ಮೀಟರ್ ಹಿಮ. ಒಣ ಪುಡಿ ಹಿಮವಾದರೆ ಘನ ಮೀಟರಿಗೆ ಸುಮಾರು 100 ಕಿಲೋ, ಒಟ್ಟು 900 ಕಿಲೋ. ಉಷ್ಣಾಂಶ ಸೊನ್ನೆಯ ಆಸುಪಾಸು ಇರುವಾಗ ಬಿದ್ದ ಒದ್ದೆ ಹಿಮವಾದರೆ ಘನ ಮೀಟರಿಗೆ 250 ಕಿಲೋ ಮುಟ್ಟುವುದು ಸುಲಭ. ಆಗ ಒಟ್ಟು ಎರಡೂಕಾಲು ಟನ್. ಕಿಟಕಿಯೊಳಗಿಂದ ನೋಡಿದರೆ ಎರಡೂ ಒಂದೇ ಬಿಳುಪು, ಎರಡೂ ಹತ್ತಿಯ ಹಾಗೆ.

ಸಾಮಾನ್ಯ ಸಲಿಕೆ ಒಂದು ಸಲಕ್ಕೆ 12 ಲೀಟರಿನಷ್ಟು ಹಿಮ ಹಿಡಿಯುತ್ತದೆ ಎಂದಿಟ್ಟುಕೊಳ್ಳೋಣ. ಎಲ್ಲವನ್ನೂ ಎತ್ತಿ ಹಾಕುವುದಾದರೆ 750 ಸಲಿಕೆ. 750 ಸಲ ಬಾಗಬೇಕು, ಅಷ್ಟೇ ಸಲ ಎತ್ತಬೇಕು, ಅಷ್ಟೇ ಸಲ ಪಕ್ಕಕ್ಕೆ ಎಸೆಯಬೇಕು. ಊರಿನಲ್ಲಿ ಮಣ್ಣಿನ ಕೆಲಸ ಮಾಡಿ ಪಳಗಿದವರು ಅರ್ಧ ದಿನಕ್ಕೆ ಹಂಚಿಕೊಂಡು ಮಾಡುವಂಥ ದುಡಿಮೆ ಇದು. ವಾರವಿಡೀ ಲ್ಯಾಪ್‌ಟಾಪ್ ಮುಂದೆ ಕೂತವರು ಇದನ್ನು ಎಂಟೂವರೆಯ ಮೀಟಿಂಗಿಗೆ ಮುಂಚೆ, ಖಾಲಿ ಹೊಟ್ಟೆಯಲ್ಲಿ, ಮೈನಸ್ ಹತ್ತು ಡಿಗ್ರಿಯಲ್ಲಿ ಮುಗಿಸಲು ಹೊರಡುತ್ತಾರೆ.

ಇದರ ಫಲ ಆಸ್ಪತ್ರೆಯ ದಾಖಲೆಗಳಲ್ಲಿದೆ. ಅಮೆರಿಕದ ಓಹಾಯೊ ರಾಜ್ಯದ ಕೊಲಂಬಸ್‌ನಲ್ಲಿರುವ ನೇಷನ್‌ವೈಡ್ ಚಿಲ್ಡ್ರನ್ಸ್ ಆಸ್ಪತ್ರೆಯ ಸಂಶೋಧಕರು 1990ರಿಂದ 2006ರವರೆಗಿನ ತುರ್ತು ಚಿಕಿತ್ಸಾ ವಿಭಾಗಗಳ ಅಂಕಿಅಂಶ ಜಾಲಾಡಿ 2011ರಲ್ಲಿ ಫಲಿತಾಂಶ ಪ್ರಕಟಿಸಿದರು. ಹಿಮದ ಸಲಿಕೆಯಿಂದಾಗಿ ಆ ದೇಶದಲ್ಲಿ ವರ್ಷಕ್ಕೆ ಸರಾಸರಿ 11,500 ಜನ ತುರ್ತು ಚಿಕಿತ್ಸೆಗೆ ಬಂದಿದ್ದರು. ಮೂವರಲ್ಲಿ ಒಬ್ಬರದು ಕೆಳಬೆನ್ನಿನ ಗಾಯ. ಅರ್ಧಕ್ಕಿಂತ ಹೆಚ್ಚು ಪ್ರಕರಣಗಳಿಗೆ ಮೈಗೆ ಮೀರಿದ ಶ್ರಮ ಕಾರಣ. ಐದರಲ್ಲಿ ಒಂದು ಜಾರಿ ಬಿದ್ದದ್ದು. ಹೃದಯದ ತೊಂದರೆ ಸುಮಾರು ನೂರಕ್ಕೆ ಏಳು ಮಾತ್ರ, ಆದರೆ ಸಾವುಗಳೆಲ್ಲ ಆ ಏಳರ ಪಾಲಿನವೇ. ಆ ಮಾತಿಗೆ ಆಮೇಲೆ ಬರೋಣ. ಮೊದಲು ಸೊಂಟ.

ಸೊಂಟಕ್ಕೆ ಬೀಳುವ ಭಾರ

ನಲ್ಲಿ ಬರುವುದಕ್ಕೆ ಮುಂಚೆ ನಮ್ಮ ಹೆಂಗಸರು ತುಂಬಿದ ಕೊಡವನ್ನು ಸೊಂಟಕ್ಕೆ ಒತ್ತಿಕೊಂಡು ಅರ್ಧ ಮೈಲಿ ನಡೆಯುತ್ತಿದ್ದರು. ಅದೇ ಕೊಡವನ್ನು ಎರಡೂ ಕೈ ಮುಂದೆ ಚಾಚಿ ಹಿಡಿದು ನಡೆ ಎಂದರೆ ಹತ್ತು ಹೆಜ್ಜೆ ಆಗದು. ಕೊಡದ ತೂಕ ಬದಲಾಗಿಲ್ಲ. ಬೆನ್ನುಮೂಳೆಯಿಂದ ಅದರ ದೂರ ಬದಲಾಯಿತು. ಸಲಿಕೆ ಎಂದರೆ ಆ ದೂರವನ್ನು ಇನ್ನೂ ಒಂದು ಮೊಳ ಉದ್ದ ಮಾಡುವ ಸಾಧನ.

ಬೆನ್ನುಮೂಳೆಯ ಹಿಂದೆ ಓಡುವ ಸ್ನಾಯುಗಳು ಮೂಳೆಯ ನಡುವಿನಿಂದ ಸುಮಾರು 5 ಸೆಂಟಿಮೀಟರ್ ದೂರದಲ್ಲಿವೆ. ಸನ್ನೆಗೋಲಿನ ಗಿಡ್ಡ ತುದಿ ಅವುಗಳದ್ದು, ಉದ್ದನೆಯ ತುದಿ ಸಲಿಕೆಯದ್ದು. 6 ಕಿಲೋ ಹಿಮ ಸೊಂಟದಿಂದ ಒಂದು ಮೀಟರ್ ದೂರದಲ್ಲಿದ್ದರೆ, ಅದನ್ನು ತಡೆದು ನಿಲ್ಲಿಸಲು ಸ್ನಾಯು ಇಪ್ಪತ್ತು ಪಟ್ಟು ಎಳೆಯಬೇಕು: 120 ಕಿಲೋ. ಇದರ ಮೇಲೆ ನಮ್ಮದೇ ಮೈ ಇದೆ. 70 ಕಿಲೋ ತೂಗುವವರ ಸೊಂಟದ ಮೇಲಿನ ಭಾಗ ಹತ್ತಿರ ಹತ್ತಿರ 35 ಕಿಲೋ. ಮುಂದಕ್ಕೆ ಬಾಗಿದಾಗ ಅದರ ಭಾರಕೇಂದ್ರ ಒಂದು ಗೇಣಿನಷ್ಟು ಮುಂದೆ ಹೋಗುತ್ತದೆ. ಅದಕ್ಕೆ ಇನ್ನೊಂದು 175 ಕಿಲೋ ಎಳೆತ. ಎರಡೂ ಸೇರಿ ಸೊಂಟದ ಕೊನೆಯ ಡಿಸ್ಕಿನ (ಬೆನ್ನಿನ ಎರಡು ಮೂಳೆಗಳ ನಡುವಿನ ಮೆತ್ತೆ) ಮೇಲೆ ಬೀಳುವ ಒತ್ತಡ 300 ಕಿಲೋ ದಾಟುತ್ತದೆ. ಕೈಯಲ್ಲಿರುವುದು ಆರೇ ಕಿಲೋ.

ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆಯಾದ ನಯಾಷ್, ಭಾರ ಎತ್ತುವ ಕೆಲಸಗಳಿಗೆ ಈ ಡಿಸ್ಕಿನ ಮೇಲಿನ ಒತ್ತಡ 3,400 ನ್ಯೂಟನ್ ಮೀರಬಾರದು ಎಂದು ಮಿತಿ ಇಟ್ಟಿದೆ. ಸರಿಸುಮಾರು 350 ಕಿಲೋ. ಮೇಲಿನ ಲೆಕ್ಕ ಸಲಿಕೆ ಅಲ್ಲಾಡದೆ ನಿಂತಿರುವಾಗಿನದು. ಜೋರಾಗಿ ಎಸೆಯಲು ಬೀಸಿದ ಕ್ಷಣ ಒತ್ತಡ ಆ ಗೆರೆ ದಾಟುತ್ತದೆ. ಅದೇ ಹಿಮವನ್ನು ಸೊಂಟದಿಂದ 40 ಸೆಂಟಿಮೀಟರ್ ದೂರದಷ್ಟು ಹತ್ತಿರಕ್ಕೆ ತಂದರೆ ಹಿಮದ ಪಾಲು 120ರಿಂದ 48ಕ್ಕೆ ಇಳಿಯುತ್ತದೆ. ಬೆನ್ನು ನೆಟ್ಟಗಿದ್ದಷ್ಟೂ ಮೈಯ ಪಾಲೂ ಇಳಿಯುತ್ತದೆ. ಸಲಿಕೆ ಹಿಡಿಯುವ ಬಗೆಯ ಬಗ್ಗೆ ಮುಂದೆ ಹೇಳುವುದೆಲ್ಲ ಈ ಎರಡು ಸಂಖ್ಯೆ ಇಳಿಸುವ ಉಪಾಯ.

ಇನ್ನು ತಿರುಚುವಿಕೆ. ಎರಡು ಕಶೇರುಗಳ ನಡುವಿನ ಡಿಸ್ಕ್ ಹೂರಣ ತುಂಬಿದ ಕಡುಬಿನ ಹಾಗೆ: ನಡುವೆ ಮೆದುವಾದ ತಿರುಳು, ಸುತ್ತ ಗಟ್ಟಿ ನಾರಿನ ಪದರಗಳು. ಒಂದು ಪದರದ ನಾರು ಎಡಕ್ಕೆ ಓರೆ, ಅದರ ಮೇಲಿನದು ಬಲಕ್ಕೆ ಓರೆ, ಹೀಗೆ ಅಡ್ಡಡ್ಡ ಹೆಣೆದದ್ದು. ನೇರ ಒತ್ತಡವನ್ನು ಎಲ್ಲ ಪದರಗಳೂ ಹಂಚಿಕೊಳ್ಳುತ್ತವೆ. ಸೊಂಟ ಒಂದು ಕಡೆ ತಿರುಚಿದಾಗ ಅರ್ಧ ಪದರಗಳು ಬಿಗಿಯುತ್ತವೆ, ಉಳಿದರ್ಧ ಸಡಿಲಾಗುತ್ತವೆ. ಇಡೀ ಭಾರ ಅರ್ಧ ನಾರಿನ ಮೇಲೆ. ಅದೇ ಹೊತ್ತಿಗೆ ಮುಂದಕ್ಕೂ ಬಾಗಿದ್ದರೆ ತಿರುಳು ಹಿಂದಕ್ಕೆ, ನರಗಳಿರುವ ಕಡೆಗೆ ಒತ್ತುತ್ತದೆ. ಬಾಗಿ, ಎತ್ತಿ, ಹೆಗಲ ಮೇಲಿಂದ ಹಿಂದಕ್ಕೆ ಎಸೆಯುವ ಚಲನೆ ಈ ಮೂರನ್ನೂ ಒಂದೇ ಕ್ಷಣದಲ್ಲಿ ಕೂಡಿಸುತ್ತದೆ. ಸೊಂಟ ಕೆಡಿಸಲೆಂದೇ ಯಾರಾದರೂ ಕವಾಯತು ಕಂಡುಹಿಡಿದಿದ್ದರೆ ಹೀಗೇ ಇರುತ್ತಿತ್ತು.

ಹೆಚ್ಚಿನವರಿಗೆ ಆಗುವುದು ಸ್ನಾಯು, ಅಸ್ಥಿರಜ್ಜುಗಳ ಉಳುಕು. ಡಿಸ್ಕಿನ ತಿರುಳು ಹೊರಬಂದು ನರ ಒತ್ತುವುದು ಕೆಲವರಿಗೆ. ಎರಡಕ್ಕೂ ದಾರಿ ಒಂದೇ.

ಹೊತ್ತಿನ ವಿಚಾರವೂ ಇದೆ. ರಾತ್ರಿ ಮಲಗಿದಾಗ ಡಿಸ್ಕುಗಳು ನೀರು ಹೀರಿ ಊದಿಕೊಳ್ಳುತ್ತವೆ. ಬೆಳಿಗ್ಗೆ ನಾವು ಒಂದೆರಡು ಸೆಂಟಿಮೀಟರ್ ಎತ್ತರವಾಗಿರುವುದು ಅದರಿಂದಲೇ. ನೆನೆದ ಅಕ್ಕಿಚೀಲದ ಹಾಗೆ ಬಿಗಿದಿರುವ ಆ ಡಿಸ್ಕ್ ಬಾಗುವುದನ್ನು ಸಹಿಸುವುದಿಲ್ಲ. ಹೆಚ್ಚುವರಿ ನೀರಿನಲ್ಲಿ ದೊಡ್ಡ ಪಾಲು ಎದ್ದು ಓಡಾಡುವ ಮೊದಲ ಒಂದು ಗಂಟೆಯಲ್ಲೇ ಇಳಿದುಹೋಗುತ್ತದೆ. ಅಲಾರಂ ನಿಲ್ಲಿಸಿ ನೇರ ಡ್ರೈವ್‌ವೇಗೆ ಇಳಿಯುವವರು ದಿನದ ಅತಿ ಕೆಟ್ಟ ಹೊತ್ತನ್ನು ಆರಿಸಿಕೊಂಡಿರುತ್ತಾರೆ. ಅರ್ಧ ಗಂಟೆ ಮುಂಚೆ ಎದ್ದು ಕಾಫಿ ಕಾಸುತ್ತಾ ಮನೆಯೊಳಗೆ ಓಡಾಡಿದರೂ ವ್ಯತ್ಯಾಸ ಕಾಣುತ್ತದೆ.

ಎಂಥ ಸಲಿಕೆ

ಅಂಗಡಿಯಲ್ಲಿ ದೊಡ್ಡ ಸಲಿಕೆ ಕಂಡರೆ ಕೆಲಸ ಬೇಗ ಮುಗಿಯುತ್ತದೆ ಎನಿಸುತ್ತದೆ. ಎತ್ತುವ ಸಲಿಕೆಯಲ್ಲಿ ಇದು ತಿರುಗುಬಾಣ. 24 ಇಂಚು ಅಗಲದ, ಆಳವಾದ ಅಲಗಿಗೆ ಒದ್ದೆ ಹಿಮ ತುಂಬಿದರೆ ಹತ್ತು ಕಿಲೋ ಮೀರುತ್ತದೆ, ಅರ್ಧ ತುಂಬಿಸುವ ಸಂಯಮ ಹತ್ತು ನಿಮಿಷಕ್ಕಿಂತ ಹೆಚ್ಚು ಯಾರಿಗೂ ಇರುವುದಿಲ್ಲ. ಎತ್ತುವುದಕ್ಕೆ 18 ಇಂಚು ಅಗಲದ, ಒಂದೂವರೆ ಕಿಲೋ ಆಸುಪಾಸಿನ ಸಲಿಕೆ ಸಾಕು. ಪ್ಲಾಸ್ಟಿಕ್ ಅಲಗು, ತುದಿಗೆ ಲೋಹದ ಪಟ್ಟಿ ಇದ್ದರೆ ಹಗುರವೂ ಆಯಿತು, ತುಳಿದು ಗಟ್ಟಿಯಾದ ಹಿಮ ಕೆರೆಯಲೂ ಆಯಿತು. ಪೂರ್ತಿ ಉಕ್ಕಿನ ಸಲಿಕೆ ಗಟ್ಟಿ, ಆದರೆ ಪ್ರತಿ ಸಲವೂ ಆ ಉಕ್ಕನ್ನೂ ಎತ್ತುತ್ತೀರಿ.

ಅದರ ಜೊತೆಗೆ ಎತ್ತದೇ ಬರೀ ತಳ್ಳುವುದಕ್ಕೆ ಬೇರೊಂದು ಸಾಧನ ಇರಲಿ. 24ರಿಂದ 30 ಇಂಚು ಅಗಲದ, ಬುಲ್ಡೋಜರಿನ ಅಲಗಿನಂತೆ ಒಳಕ್ಕೆ ಬಾಗಿದ ಇದನ್ನು ಸ್ನೋ ಪುಷರ್ ಎನ್ನುತ್ತಾರೆ. ಒಬ್ಬರಿಗೆ ಒಂದೇ ಕೊಳ್ಳುವ ಹಣವಿದ್ದರೆ ನಮ್ಮ ಮತ ಪುಷರ್‌ಗೆ. ಹಿಮ ವಿಪರೀತ ಬೀಳುವ ಕಡೆ, ಉದಾಹರಣೆಗೆ ಕ್ವಿಬೆಕ್ ಅಥವಾ ಮಿಷಿಗನ್ನಿನ ಉತ್ತರ ಭಾಗದಲ್ಲಿ, ಉಲ್ಟಾ ‘ಯು’ ಆಕಾರದ ಹಿಡಿ ಇರುವ ದೊಡ್ಡ ತೊಟ್ಟಿಯಂಥ ಸ್ಕೂಪ್ ಬಳಸುತ್ತಾರೆ. ಹಿಮ ತುಂಬಿ, ಹಿಡಿಯನ್ನು ಕೆಳಗೆ ಒತ್ತಿ, ಜಾರುಬಂಡಿಯ ಹಾಗೆ ನೆಲದ ಮೇಲೇ ಎಳೆದೊಯ್ದು ಸುರಿಯುವುದು. ಎತ್ತುವ ಪ್ರಶ್ನೆಯೇ ಇಲ್ಲ.

ಹಿಡಿಯ ಉದ್ದ ಎತ್ತರಕ್ಕೆ ತಕ್ಕಂತಿರಬೇಕು. ಸಲಿಕೆಯನ್ನು ನೆಲಕ್ಕೆ ಊರಿ ನೆಟ್ಟಗೆ ನಿಲ್ಲಿಸಿದರೆ ಹಿಡಿಯ ತುದಿ ಎದೆಯ ಮಟ್ಟಕ್ಕೆ ಬರಲಿ. ಆರಡಿಯವರಿಗೆ ಕೊಂಡ ಸಲಿಕೆ ಐದಡಿಯವರಿಗೆ ಸನ್ನೆಗೋಲಾಗುತ್ತದೆ. ಐದಡಿಯವರದು ಆರಡಿಯವರನ್ನು ನೆಲಕ್ಕೆ ಬಾಗಿಸುತ್ತದೆ. ಮನೆಯಲ್ಲಿ ಇಬ್ಬರೂ ಹಿಮ ತೆಗೆಯುವವರಾದರೆ ಎರಡು ಸಲಿಕೆ ದುಂದಲ್ಲ. ಸೊಟ್ಟ ಹಿಡಿಯ ಸಲಿಕೆ ನೋಡಲು ವಿಚಿತ್ರ, ಆದರೆ ಬಾಗುವುದನ್ನು ನಿಜಕ್ಕೂ ಕಡಿಮೆ ಮಾಡುತ್ತದೆ. ನೇರ ಹಿಡಿಯ ಹಳೆಯ ಸಲಿಕೆಗೆ ನಡುವೆ ಸ್ಕ್ರೂ ಹಾಕಿ ಕೂರಿಸುವ ಎರಡನೆಯ ಹಿಡಿಯೂ ಸಿಗುತ್ತದೆ. ಅಲಗಿನ ಕಡೆಯ ಕೈ ಅಷ್ಟು ಕೆಳಗೆ ಹೋಗಬೇಕಾಗುವುದಿಲ್ಲ.

ಅಂಟುವ ಹಿಮದ ಕಿರಿಕಿರಿಗೆ ಕಾರಣ ಹೆಚ್ಚಿನ ಸಲ ಬೆಚ್ಚಗಿನ ಅಲಗು. ಗ್ಯಾರೇಜಿನೊಳಗಿಂದ ತಂದ ಸಲಿಕೆಯ ಬಿಸಿಗೆ ಹಿಮ ಒಂದಿಷ್ಟು ಕರಗಿ, ಮತ್ತೆ ಹೆಪ್ಪುಗಟ್ಟಿ, ಅಂಟಿ ಕೂರುತ್ತದೆ. ಆಮೇಲೆ ಪ್ರತಿ ಸಲವೂ ಒಂದು ಕಿಲೋ ಹಿಮ ಸುರಿಯದೆ ವಾಪಸು ಬರುತ್ತದೆ. ಅದನ್ನು ಉದುರಿಸಲು ಸಲಿಕೆ ಒದರುವುದು ಭುಜಕ್ಕೂ ಸೊಂಟಕ್ಕೂ ಬೇಡದ ಜಗ್ಗು. ಕೆಲಸಕ್ಕೆ ಹತ್ತು ನಿಮಿಷ ಮುಂಚೆ ಸಲಿಕೆಯನ್ನು ಹೊರಗೆ ಹಿಮದಲ್ಲಿ ನೆಟ್ಟು ಬನ್ನಿ. ಅಲಗಿಗೆ ಸಿಲಿಕೋನ್ ಸ್ಪ್ರೇ, ಮೇಣ, ಏನೂ ಇಲ್ಲದಿದ್ದರೆ ದೋಸೆ ಕಾವಲಿಗೆ ಹೊಡೆಯುವ ಎಣ್ಣೆಯ ಸ್ಪ್ರೇ ಆದೀತು.

ಇಳಿಯುವ ಮುನ್ನ

ಐದರಿಂದ ಹತ್ತು ನಿಮಿಷ ಮೈ ಬೆಚ್ಚಗಾಗಿಸಿ: ನಿಂತಲ್ಲೇ ಹೆಜ್ಜೆ ಹಾಕುವುದು, ತೋಳು ತಿರುಗಿಸುವುದು, ಹತ್ತು ಅರ್ಧ ಬೈಠಕ್. ಮಂಡಿ ನೇರವಿಟ್ಟು ಕಾಲಬೆರಳು ಮುಟ್ಟುವ ವ್ಯಾಯಾಮ ಈ ಹೊತ್ತಿಗೆ ಬೇಡ. ಊದಿರುವ ಡಿಸ್ಕನ್ನು ಅದು ಇನ್ನಷ್ಟು ಹಿಂಡುತ್ತದೆ. ಒಂದೇ ದಪ್ಪ ಕೋಟಿಗಿಂತ ಎರಡು ಮೂರು ಪದರ ಬಟ್ಟೆ ಹಾಕಿದರೆ ಬೆವರತೊಡಗಿದಾಗ ಒಂದು ಕಳಚಬಹುದು. ಬೆವರಿ ಒದ್ದೆಯಾದ ಬೆನ್ನಿಗೆ ಗಾಳಿ ತಗುಲಿದರೆ ಸ್ನಾಯು ಬಿಗಿಯುತ್ತದೆ.

ಹೊರಡುವಾಗ ಒಂದು ಸಲಿಕೆ ತುಂಬಿ ಎತ್ತಿ ನೋಡಿ. ಹಿಮ ಕೈಯಲ್ಲಿ ಉಂಡೆಯಾಗುತ್ತದೆಯೋ ಪುಡಿಯಾಗಿ ಉದುರುತ್ತದೆಯೋ ಗಮನಿಸಿ. ಉಂಡೆಯಾದರೆ ಇವತ್ತು ಒದ್ದೆ ಹಿಮ. ಸಲಿಕೆ ಅರ್ಧವೇ ತುಂಬಬೇಕು, ಹೊತ್ತು ದುಪ್ಪಟ್ಟು ಇಟ್ಟುಕೊಳ್ಳಬೇಕು. ಈ ಅರ್ಧ ನಿಮಿಷದ ಪರೀಕ್ಷೆ ಮಾಡುವವರು ಕಡಿಮೆ.

ಎಷ್ಟು ಆತುರ ಬೇಕು ಎಂಬುದನ್ನೂ ತಿಳಿದಿರಿ. ಹಲವು ಊರುಗಳಲ್ಲಿ ಮನೆ ಮುಂದಿನ ಕಾಲುದಾರಿಯ ಹಿಮ ತೆಗೆಯುವುದು ಮನೆಯವರ ಕಾನೂನುಬದ್ಧ ಹೊಣೆ. ಬಾಸ್ಟನ್ನಿನಲ್ಲಿ ಹಿಮ ನಿಂತ 3 ಗಂಟೆಯೊಳಗೆ, ರಾತ್ರಿ ನಿಂತರೆ ಸೂರ್ಯೋದಯದ ನಂತರ ಅಷ್ಟರೊಳಗೆ. ಮಿನಿಯಾಪೊಲಿಸ್‌ನಲ್ಲಿ ಒಂಟಿ ಮನೆಗಳಿಗೆ 24 ಗಂಟೆ. ಇದು ಕಾಲುದಾರಿಗಷ್ಟೇ, ಡ್ರೈವ್‌ವೇಗಲ್ಲ. ಹಾಗಾಗಿ ಕಾಲುದಾರಿ ಮೊದಲು, ಡ್ರೈವ್‌ವೇಯಲ್ಲಿ ಒಂದು ಕಾರು ಹೊರಡುವಷ್ಟು ಜಾಗ ಆಮೇಲೆ, ಉಳಿದದ್ದು ಸಂಜೆಗೆ. ಅದಕ್ಕೂ ಮೊದಲು ಮನೆ ಬಿಸಿ ಮಾಡುವ ಫರ್ನೇಸಿನ ಹೊಗೆ ಕೊಳವೆ ಗೋಡೆಯ ಬದಿಯಲ್ಲಿ ಹೊರಬರುತ್ತಿದ್ದರೆ ಅದರ ಬಾಯಿ ಹಿಮದಲ್ಲಿ ಮುಚ್ಚಿಲ್ಲ ಎಂದು ನೋಡಿಕೊಳ್ಳಿ. ಮುಚ್ಚಿದರೆ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಮನೆಯೊಳಗೆ ತುಂಬಬಹುದು.

ತಳ್ಳುವ ಕ್ರಮ

ಡ್ರೈವ್‌ವೇಯ ನಡುವೆ ಉದ್ದಕ್ಕೆ ಒಂದು ಸಾಲು ಬಿಡಿಸಿ. ಅಲ್ಲಿಂದ ಎಡಕ್ಕೆ ಅರ್ಧ, ಬಲಕ್ಕೆ ಅರ್ಧ ತಳ್ಳಿ. 5 ಮೀಟರ್ ಅಗಲದಲ್ಲಿ ಒಂದು ತಳ್ಳಿಗೆ ಎರಡೂವರೆ ಮೀಟರ್ ಮಾತ್ರ. ಅಲಗಿನ ಮುಂದೆ ಗುಡ್ಡೆ ಕಟ್ಟುವ ಮೊದಲೇ ಅಂಚು ಸಿಗುತ್ತದೆ. ಹಿಡಿಯನ್ನು ಹೊಟ್ಟೆಗೆ ಊರಿ ತಳ್ಳಬೇಡಿ. ಅಲಗು ನೆಲದ ಬಿರುಕಿಗೋ ಹೆಪ್ಪುಗಟ್ಟಿದ ಉಬ್ಬಿಗೋ ಸಿಕ್ಕಿ ಗಕ್ಕನೆ ನಿಂತರೆ ಹಿಡಿ ಹೊಟ್ಟೆಗೇ ತಿವಿಯುತ್ತದೆ. ಎರಡೂ ಕೈ ಹಿಡಿಯ ಮೇಲೆ, ಮೊಣಕೈ ಪಕ್ಕೆಗೆ ಹತ್ತಿರ, ಒಂದು ಕಾಲು ಮುಂದೆ. ನೂಕುವ ಬಲ ತೊಡೆಯಿಂದ ಬರಲಿ.

ಋತುವಿನ ಮೊದಲ ಹಿಮವನ್ನು ಅಂಚಿಗೇ ಬಿಡದೆ ಹುಲ್ಲುಹಾಸಿನ ಮೇಲೆ ಇನ್ನೂ ಒಂದು ಮೀಟರ್ ಆಚೆಗೆ ತಳ್ಳುವುದು ಹಳಬರ ರೂಢಿ. ನವೆಂಬರಿನಲ್ಲಿ ಅಂಚಿಗೆ ನಿಲ್ಲಿಸಿದ ಮೊಳಕಾಲೆತ್ತರದ ದಿಬ್ಬ ಜನವರಿಯಲ್ಲಿ ಎದೆಯೆತ್ತರದ ಗೋಡೆಯಾಗುತ್ತದೆ. ಆಗ ತಳ್ಳಲು ಜಾಗವಿಲ್ಲ. ಪ್ರತಿ ಸಲಿಕೆಯನ್ನೂ ಆ ಗೋಡೆಯಾಚೆ ಎಸೆಯಬೇಕು. ಜನವರಿಯ ಸೊಂಟನೋವಿನ ಬೀಜ ಬಿತ್ತುವುದು ನವೆಂಬರಿನಲ್ಲೇ.

15 ಸೆಂಟಿಮೀಟರ್‌ವರೆಗಿನ ಒಣ ಹಿಮವನ್ನು ತಳ್ಳಬಹುದು. ಒದ್ದೆಯದಾದರೆ ಎಂಟು ಹತ್ತು ಸೆಂಟಿಮೀಟರಿಗೇ ಅಲಗು ನಿಂತುಬಿಡುತ್ತದೆ. ದಿನವಿಡೀ ಬೀಳುತ್ತಿರುವಾಗ ಪೂರ್ತಿ ನಿಲ್ಲಲಿ ಎಂದು ಕಾಯುವ ಬದಲು ಎಂಟು ಹತ್ತು ಸೆಂಟಿಮೀಟರಿಗೊಮ್ಮೆ ಇಳಿದು ತಳ್ಳಿಬಿಡುವುದು ಜಾಣತನ. ಒಟ್ಟು ಹಿಮ ಅಷ್ಟೇ, ಆದರೆ ಒಂದನ್ನೂ ಎತ್ತಬೇಕಾಗುವುದಿಲ್ಲ. ನ್ಯೂಯಾರ್ಕ್ ರಾಜ್ಯದ ಬಫಲೊದಂಥ ಕಡೆ ಸರೋವರದ ಗಾಳಿ ತಂದು ಸುರಿಯುವ ಹಿಮಕ್ಕೆ ಈ ಲೆಕ್ಕವೂ ಹಿಡಿಯದು. 2022ರ ನವೆಂಬರಿನಲ್ಲಿ ಅಲ್ಲಿಗೆ ಹತ್ತಿರದ ಆರ್ಚರ್ಡ್ ಪಾರ್ಕ್‌ನಲ್ಲಿ ಕೆಲವೇ ದಿನಗಳಲ್ಲಿ ಸುಮಾರು 2 ಮೀಟರ್ ಬಿತ್ತು. ಅಂಥದ್ದಕ್ಕೆ ಯಂತ್ರ ಬೇಕು, ಸಲಿಕೆಯ ಶೌರ್ಯ ಬೇಡ.

ಎತ್ತಲೇಬೇಕಾದಾಗ

“ಮಂಡಿ ಬಗ್ಗಿಸಿ ಎತ್ತಿ” ಎಂಬ ಉಪದೇಶ ಅರ್ಧ ಸರಿ. ಪೂರ್ತಿ ಕುಕ್ಕರಗಾಲಿನಲ್ಲಿ ಕೂತು ಏಳುವುದನ್ನು ಐವತ್ತು ಸಲ ಮಾಡಿದರೆ ತೊಡೆ ನಡುಗತೊಡಗುತ್ತದೆ. ಐವತ್ತೊಂದನೆಯದಕ್ಕೆ ಬೆನ್ನು ತಾನಾಗಿ ಗೂನಾಗುತ್ತದೆ. ಬೇಕಾದದ್ದು ತೊಡೆಯ ಬುಡದಲ್ಲಿ ಮಡಚುವ ಬಾಗು. ಹಿಂದಿರುವ ಕುರ್ಚಿಯನ್ನು ಅಂಡಿನಿಂದ ಹುಡುಕುವ ಹಾಗೆ ಪೃಷ್ಠವನ್ನು ಹಿಂದಕ್ಕೆ ಒಯ್ಯಿರಿ, ಮಂಡಿ ಸ್ವಲ್ಪವೇ ಮಡಚಲಿ, ಎದೆ ಮುಂದಕ್ಕೆ ವಾಲಲಿ, ಬೆನ್ನು ಹಲಗೆಯಂತೆ ಇರಲಿ. ಮನೆಯಲ್ಲಿ ಕಲಿಯುವ ಬಗೆ: ನೆಲ ಒರೆಸುವ ಮಾಪಿನ ಕೋಲನ್ನು ಬೆನ್ನಿಗೆ ಉದ್ದಕ್ಕೆ ಹಿಡಿಯಿರಿ. ತಲೆಯ ಹಿಂಭಾಗ, ಭುಜಗಳ ನಡು, ಬಾಲಮೂಳೆ, ಈ ಮೂರೂ ಕೋಲಿಗೆ ತಾಗಿರಬೇಕು. ಬಾಗುವಾಗ ಒಂದಾದರೂ ಬಿಟ್ಟುಕೊಂಡರೆ ಬೆನ್ನು ಗೂನಾಯಿತು ಎಂದರ್ಥ.

ಪಾದಗಳು ಭುಜದಷ್ಟು ಅಗಲ, ಒಂದು ತುಸು ಮುಂದೆ. ಮುಂಗೈ, ಅಂದರೆ ಮುಂದೆ ಹಿಡಿದ ಕೈ, ಅಲಗಿಗೆ ಎಷ್ಟು ಹತ್ತಿರ ಹೋದೀತೋ ಅಷ್ಟು ಹತ್ತಿರ, ಹಿಂಗೈ ಹಿಡಿಯ ತುದಿಯಲ್ಲಿ. ನಡುವೆ ಕನಿಷ್ಠ ಒಂದು ಅಡಿ ಅಂತರ. ಎರಡೂ ಕೈ ಹಿಡಿಯ ಮೇಲ್ತುದಿಯಲ್ಲೇ ಇದ್ದರೆ ಹಿಮ ಒಂದು ಮೀಟರ್ ಆಚೆ ತೂಗುತ್ತದೆ, ಮೇಲೆ ಹೇಳಿದ 120 ಕಿಲೋ ಲೆಕ್ಕ ಅಲ್ಲೇ ಬರುವುದು. ಅಲಗನ್ನು ಹಿಮದ ಕೆಳಗೆ ತೂರಿಸಿ, ಹಿಂಗೈಯನ್ನು ಕೆಳಕ್ಕೆ ಒತ್ತುತ್ತಾ ಮುಂಗೈಯನ್ನೇ ಆನಿಕೆಯಾಗಿಸಿ ಮೀಟಿ. ಹೊಟ್ಟೆಯ ಸ್ನಾಯು ಬಿಗಿಹಿಡಿಯಿರಿ, ಉಸಿರು ಮಾತ್ರ ಬಿಗಿಹಿಡಿಯಬೇಡಿ. ಎತ್ತುವಾಗ ಉಸಿರು ಹೊರಗೆ ಬರುತ್ತಿರಲಿ. ಸಲಿಕೆ ಮೈಗೆ ಹತ್ತಿರ ಬಂದ ಮೇಲೆ ಎದ್ದು ನಿಲ್ಲಿ.

ಈಗ ಎಸೆಯುವುದು. ಹಿಮ ಎಲ್ಲಿಗೆ ಹೋಗಬೇಕೋ ಆ ಕಡೆಗೆ ಮೊದಲು ಪಾದ ತಿರುಗಲಿ, ಆಮೇಲೆ ಮೈ. ಮೂಗು, ಹೊಕ್ಕುಳ, ಮುಂದಿನ ಪಾದದ ಬೆರಳು, ಮೂರೂ ಒಂದೇ ದಿಕ್ಕಿಗಿದ್ದರೆ ಸೊಂಟ ತಿರುಚಿಲ್ಲ. ಎಸೆತ ಒಂದು ಮೀಟರ್ ಮೀರದಿರಲಿ, ಎದೆಯ ಮಟ್ಟಕ್ಕಿಂತ ಮೇಲೆ ಹೋಗದಿರಲಿ. ಅದಕ್ಕಿಂತ ದೂರ ಹಾಕಬೇಕಾದರೆ ನಡೆದು ಹೋಗಿ ಸುರಿದು ಬನ್ನಿ. ನಾಲ್ಕು ಹೆಜ್ಜೆ ನಡೆಯುವುದು ಹೊತ್ತುಗೇಡು ಎನಿಸುತ್ತದೆ, ಆದರೆ ನಡಿಗೆಯಲ್ಲಿ ಬೆನ್ನಿಗೆ ಅಷ್ಟು ವಿರಾಮ. ಹತ್ತು ಹದಿನೈದು ಸಲಿಕೆಗೊಮ್ಮೆ ಮುಂಗೈ ಹಿಂಗೈ ಅದಲುಬದಲು ಮಾಡಿ. ಬಲಗೈಯವರಿಗೆ ಎಡಗೈ ಹಿಡಿತ ಮೊದಲ ದಿನ ಸೊಟ್ಟಸೊಟ್ಟ, ಒಂದು ಋತುವಿನಲ್ಲಿ ರೂಢಿಯಾಗುತ್ತದೆ.

ಮೊಳಕಾಲೆತ್ತರದ ಹಿಮವನ್ನು ಬುಡದಿಂದ ಒಮ್ಮೆಗೇ ಎತ್ತಬೇಡಿ. ಮೈಸೂರುಪಾಕು ಕೊಯ್ದ ಹಾಗೆ ಮೇಲಿನ ಐದಾರು ಇಂಚು ಮೊದಲು, ಅದರ ಕೆಳಗಿನದು ಆಮೇಲೆ. ಹೆಪ್ಪುಗಟ್ಟಿದ ಭಾಗವನ್ನು ಸಲಿಕೆಯಿಂದ ಮೀಟಿ ಕೀಳಲು ಹೋಗುವುದೇ ದೊಡ್ಡ ತಪ್ಪು: ಎಲ್ಲ ಬಲ ಹಾಕಿದಾಗ ಮಂಜುಗಡ್ಡೆ ತಟ್ಟನೆ ಬಿಟ್ಟರೆ ಸೊಂಟ ಹಿಂದಕ್ಕೆ ಎಸೆಯಲ್ಪಡುತ್ತದೆ. ಅದಕ್ಕೆ ಉದ್ದ ಹಿಡಿಯ, ಚಪ್ಪಟೆ ಉಳಿಯಂಥ ಐಸ್ ಚಾಪರ್ ಬೇರೆಯೇ ಇದೆ. ಅಥವಾ ಉಪ್ಪು ಹಾಕಿ ಒಂದು ಗಂಟೆ ಬಿಡಿ.

ವೇಗದ ಬಗ್ಗೆ ಕೆನಡಾದ ಔದ್ಯೋಗಿಕ ಆರೋಗ್ಯ ಮತ್ತು ಸುರಕ್ಷತಾ ಕೇಂದ್ರದ ಸಲಹೆ, ಸಲಿಕೆ ಕೆಲಸದಲ್ಲಿ ಪಳಗಿದವರಿಗೂ ಅನ್ವಯಿಸುವಂಥದ್ದು: ನಿಮಿಷಕ್ಕೆ ಸುಮಾರು 15 ಸಲಿಕೆ, ಆ ವೇಗದಲ್ಲಿ ಸತತ 15 ನಿಮಿಷ ಮೀರಬಾರದು. ಹಿಮ ಒದ್ದೆಯಿದ್ದರೆ ನಿಮಿಷಕ್ಕೆ ಹತ್ತೇ ಸಲಿಕೆ ಸಾಕು. ವಿರಾಮ ಎಂದರೆ ಸಲಿಕೆಗೆ ಒರಗಿ ಮುಂದಕ್ಕೆ ಬಾಗಿ ನಿಲ್ಲುವುದಲ್ಲ. ನೆಟ್ಟಗೆ ನಿಂತು, ಎರಡೂ ಅಂಗೈ ಸೊಂಟದ ಹಿಂದಿಟ್ಟು, ನಿಧಾನಕ್ಕೆ ನಾಲ್ಕೈದು ಸಲ ಹಿಂದಕ್ಕೆ ವಾಲಿ. ಒಂದೇ ಕಡೆ ಬಾಗಿ ಬಾಗಿ ಸಡಿಲಾದ ಕಟ್ಟುಗಳಿಗೆ ಇದು ಎದುರು ಚಲನೆ.

ರಸ್ತೆಯಂಚಿನ ದಿಬ್ಬ

ಎಲ್ಲ ಮುಗಿಯಿತು ಎನ್ನುವಷ್ಟರಲ್ಲಿ ನಗರಸಭೆಯ ಪ್ಲೌ, ಅಂದರೆ ಮುಂದೆ ಹಿಮ ದೂಡುವ ಅಲಗಿರುವ ಲಾರಿ ಬಂದು, ರಸ್ತೆಯ ಹಿಮವನ್ನೆಲ್ಲ ಡ್ರೈವ್‌ವೇಯ ಬಾಯಿಗೆ ಅಡ್ಡಲಾಗಿ ಪೇರಿಸಿ ಹೋಗುತ್ತದೆ. ಕೆನಡಾದಲ್ಲಿ ಇದಕ್ಕೆ ವಿಂಡ್ರೋ ಎನ್ನುತ್ತಾರೆ. ಅಗಲ ಎರಡಡಿ, ಎತ್ತರ ಒಂದೂಕಾಲು ಅಡಿ, ಉದ್ದ ನಿಮ್ಮ ಡ್ರೈವ್‌ವೇಯ ಅಗಲದಷ್ಟು. ಗಾತ್ರ ಬರೀ ಒಂದೂಕಾಲು ಘನ ಮೀಟರ್. ಆದರೆ ಟೈರುಗಳು ಅರೆದು, ರಸ್ತೆಯ ಉಪ್ಪು ಸೇರಿ, ಪ್ಲೌ ಒತ್ತಿದ ಕೆಸರುಹಿಮ ಅದು. ಘನ ಮೀಟರಿಗೆ 500 ಕಿಲೋ ಬರಬಹುದು. ಒಟ್ಟು 600 ಕಿಲೋ. ಇಡೀ ಡ್ರೈವ್‌ವೇಯ ಒಣ ಹಿಮ 900 ಆಗಿದ್ದುದನ್ನು ನೆನಪಿಸಿಕೊಳ್ಳಿ. ಮೂಗಿಗಿಂತ ಮೂಗುತಿ ಭಾರ ಎನ್ನುವ ಸ್ಥಿತಿ. ಅದೂ ತೊಡೆ ಸೋತು, ಬೆರಳು ಮರಗಟ್ಟಿ, ಗಡಿಯಾರ ಓಡುತ್ತಿರುವಾಗ ಎದುರಾಗುತ್ತದೆ. ಸೊಂಟ ಹಿಡಿದುಕೊಳ್ಳುವುದಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ.

ಇದರ ಅರ್ಧ ಭಾಗವನ್ನು ಬರದಂತೆಯೇ ತಡೆಯಬಹುದು. ಡ್ರೈವ್‌ವೇಯಲ್ಲಿ ರಸ್ತೆಗೆ ಮುಖ ಮಾಡಿ ನಿಲ್ಲಿ. ಅಮೆರಿಕ, ಕೆನಡಾಗಳಲ್ಲಿ ವಾಹನಗಳು ರಸ್ತೆಯ ಬಲಬದಿಯಲ್ಲಿ ಓಡುವುದರಿಂದ ನಿಮ್ಮ ಬದಿಯ ಪ್ಲೌ ಎಡಗಡೆಯಿಂದ ಬಂದು ಬಲಕ್ಕೆ ಹೋಗುತ್ತದೆ. ಭಾರತದಲ್ಲಿ ಓಡಿಸಿ ಬಂದವರ ತಲೆಯಲ್ಲಿ ಈ ದಿಕ್ಕು ಕೆಲ ವರ್ಷ ತಿರುವುಮುರುವಾಗಿಯೇ ಇರುತ್ತದೆ, ಹಾಗಾಗಿ ಒಮ್ಮೆ ನಿಂತು ನೋಡಿ. ಡ್ರೈವ್‌ವೇಯ ಎಡಕ್ಕೆ, ರಸ್ತೆಯಂಚಿನಲ್ಲಿ ಮೂರು ಮೀಟರ್ ಉದ್ದ, ಒಂದು ಮೀಟರ್ ಅಗಲದ ಜಾಗ ಬಿಡಿಸಿಡಿ. ಪ್ಲೌ ತನ್ನ ಅಲಗಿನಲ್ಲಿ ತಂದ ಹೊರೆಯಲ್ಲಿ ಸಾಕಷ್ಟನ್ನು ಆ ಖಾಲಿ ಜಾಗಕ್ಕೆ ಇಳಿಸಿ ಮುಂದೆ ಹೋಗುತ್ತದೆ. ನೀವು ತೆಗೆದ ಹಿಮ ಬಲಗಡೆಗೇ ಬೀಳಲಿ; ಎಡಕ್ಕೆ ಹಾಕಿದ್ದನ್ನು ಪ್ಲೌ ನಿಮಗೇ ಮರಳಿಸುತ್ತದೆ. ರಸ್ತೆಗೆ ಮಾತ್ರ ಎಸೆಯಬೇಡಿ. ಬಹುತೇಕ ಊರುಗಳಲ್ಲಿ ಅದಕ್ಕೆ ದಂಡ ಇದೆ.

ಉಳಿದ ದಿಬ್ಬವನ್ನು ಗಟ್ಟಿಯಾಗುವ ಮೊದಲೇ ತೆಗೆಯಿರಿ, ಮೂರನೇ ಒಂದು ಭಾಗ ಸಲಿಕೆ ತುಂಬಿ, ಮೇಲಿಂದ ಕೆಳಕ್ಕೆ. ರಾತ್ರಿ ಬಿಟ್ಟರೆ ಬೆಳಿಗ್ಗೆ ಅದು ಕಾಂಕ್ರೀಟು.

ಯಂತ್ರ ಇದ್ದವರಿಗೆ ಒಂದೇ ಮಾತು. ಹಿಮ ಎತ್ತಿ ದೂರ ಎಸೆಯುವ ಸ್ನೋಬ್ಲೋವರ್ ಯಂತ್ರದ ಬಾಯಿಗೆ ಒದ್ದೆ ಹಿಮ ಕಟ್ಟಿಕೊಂಡರೆ ಎಂಜಿನ್ ನಿಲ್ಲಿಸಿದ ಮೇಲೂ ಕೈ ಹಾಕಬೇಡಿ. ಅಲಗಿನಲ್ಲಿ ಉಳಿದ ಬಿಗಿತ ಬಿಟ್ಟಾಗ ಅದು ತಿರುಗಿ ಬೆರಳು ಹೋಗುತ್ತದೆ. ಕೋಲಿನಿಂದಲೇ ತೆಗೆಯಿರಿ.

ಕಾಲ ಕೆಳಗಿನ ನೆಲ

ಭಾರ ಹೊತ್ತಾಗ ಜಾರಿದರೆ ಬೀಳದೆ ಉಳಿದರೂ ಸೊಂಟ ಉಳಿಯುವುದಿಲ್ಲ. ಸಾವರಿಸಿಕೊಳ್ಳುವ ಆ ಜಗ್ಗು ಸಾಕು. ಆಳವಾದ ಗೀರುಗಳ ಅಡಿಯಿರುವ ಬೂಟಿಗೆ ರಬ್ಬರ್ ಪಟ್ಟಿಯ ಮುಳ್ಳುಗಳನ್ನು ಸಿಕ್ಕಿಸಿಕೊಳ್ಳಿ. ಸಾಮಾನ್ಯ ಕಲ್ಲುಪ್ಪು ಮೈನಸ್ 9 ಡಿಗ್ರಿ ಸೆಲ್ಸಿಯಸ್ ಕೆಳಗೆ ಹೆಚ್ಚು ಕೆಲಸ ಮಾಡದು. ಅದಕ್ಕಿಂತ ಚಳಿಯಲ್ಲಿ ಕ್ಯಾಲ್ಸಿಯಂ ಕ್ಲೋರೈಡ್ ಬೇಕು, ಅಥವಾ ಬರೀ ಹಿಡಿತಕ್ಕೆ ಮರಳು. ಹಿಮ ತೆಗೆದ ಮೇಲೆ ಉಪ್ಪು, ಮೊದಲಲ್ಲ. ಒಂದು ಕಾಫಿ ಮಗ್ಗಿನಷ್ಟು ಉಪ್ಪು ಇಪ್ಪತ್ತು ಅಡಿಯ ಡ್ರೈವ್‌ವೇಗೆ ಸಾಕು. ಬಿತ್ತನೆಯ ಹಾಗೆ ಕಾಳು ಕಾಳು ಬೇರೆಯಾಗಿ ಬೀಳಲಿ.

ಸೊಂಟಕ್ಕಿಂತ ಮುಂಚೆ ಹೃದಯ

ಮಿಷಿಗನ್ನಿನ ಬ್ಯಾರಿ ಫ್ರಾಂಕ್ಲಿನ್ ಮತ್ತು ಸಂಗಡಿಗರು 1995ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ವ್ಯಾಯಾಮದ ರೂಢಿಯಿಲ್ಲದ ಆರೋಗ್ಯವಂತ ಗಂಡಸರು ಒದ್ದೆ ಹಿಮ ಎತ್ತತೊಡಗಿದ ಎರಡೇ ನಿಮಿಷದಲ್ಲಿ ಅವರ ಹೃದಯಬಡಿತ ಗರಿಷ್ಠದ ಶೇ. 85 ದಾಟಿತು. ಕಾರಣಗಳು ಒಂದರ ಮೇಲೊಂದು ಕೂಡುತ್ತವೆ: ಚಳಿಗೆ ರಕ್ತನಾಳ ಕುಗ್ಗಿ ಒತ್ತಡ ಏರುತ್ತದೆ, ತೋಳಿನ ಕೆಲಸ ಕಾಲಿನ ಕೆಲಸಕ್ಕಿಂತ ಹೃದಯವನ್ನು ಹೆಚ್ಚು ದುಡಿಸುತ್ತದೆ, ಉಸಿರು ಬಿಗಿಹಿಡಿದು ಎತ್ತಿದಾಗ ಒತ್ತಡ ಇನ್ನೊಮ್ಮೆ ಚಿಮ್ಮುತ್ತದೆ.

ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2018ರಲ್ಲಿ, ಅಲ್ಲಿ ನೆಲೆಸಿರುವ ದಕ್ಷಿಣ ಏಷ್ಯಾ ಮೂಲದವರಿಗೆ ಹೃದಯದ ರಕ್ತನಾಳದ ಕಾಯಿಲೆಯ ಅಪಾಯ ಹೆಚ್ಚು ಎಂದು ಪ್ರತ್ಯೇಕ ಹೇಳಿಕೆಯನ್ನೇ ಹೊರಡಿಸಿತು. ಮಗನ ಮನೆಗೋ ಮಗಳ ಮನೆಗೋ ಬಂದ ಅಪ್ಪಂದಿರು “ಸುಮ್ಮನೆ ಕೂತು ಬೇಜಾರು, ನೀವು ಆಫೀಸಿಗೆ ಹೋಗಿ, ನಾನು ತೆಗೀತೀನಿ” ಎಂದು ಸಲಿಕೆ ಹಿಡಿಯುವುದುಂಟು. ಹೊಲ ಉತ್ತ ಮೈ ಎಂಬ ಭರವಸೆ ಅವರದು. ಆದರೆ ಬಿ.ಪಿ., ಸಕ್ಕರೆ, ಮುಂಚೆ ಹಾಕಿಸಿದ ಸ್ಟೆಂಟ್, ಯಾವುದಿದ್ದರೂ ಸಲಿಕೆ ಅವರ ಕೈಗೆ ಸಿಗದ ಕಡೆ ಇರಲಿ. ದುಡ್ಡು ಕೊಟ್ಟರೆ ಹಿಮ ತೆಗೆಯಲು ಬೀದಿಯ ಹುಡುಗರು ಸಿಗುತ್ತಾರೆ. ಎದೆ ಬಿಗಿತ, ತೋಳಿಗೋ ದವಡೆಗೋ ಹರಡುವ ನೋವು, ತಣ್ಣನೆ ಬೆವರು, ಕಾರಣವಿಲ್ಲದ ಏದುಸಿರು ಕಂಡರೆ ಗ್ಯಾಸ್ಟ್ರಿಕ್ ಇರಬೇಕು ಎಂದು ಮಜ್ಜಿಗೆ ಕುಡಿಸುತ್ತಾ ಕೂರದೆ ತುರ್ತು ಸಂಖ್ಯೆ 911ಕ್ಕೆ ಕರೆ ಮಾಡಿ.

ಸೊಂಟ ಹಿಡಿದುಕೊಂಡರೆ

ಚಳುಕು ಬಂದ ಕ್ಷಣ ಸಲಿಕೆ ಕೆಳಗಿಡಿ. ಇನ್ನೆರಡೇ ಸಾಲು ಉಳಿದಿದೆ ಎನ್ನುವ ಲೆಕ್ಕ ಬೇಡ. ಒಳಗೆ ಬಂದು ಮೆತ್ತನೆ ಸೋಫಾದಲ್ಲಿ ಕುಸಿದು ಕೂತರೆ ಬೆನ್ನು ಮತ್ತೆ ಗೂನಾಗಿ ಬಿಗಿದುಕೊಳ್ಳುತ್ತದೆ. ಹತ್ತು ನಿಮಿಷ ಮನೆಯೊಳಗೆ ನಡೆಯಿರಿ, ಆಮೇಲೆ ಬೆನ್ನಮೇಲೆ ಮಲಗಿ ಮಂಡಿಯ ಕೆಳಗೆ ದಿಂಬಿಡಿ. ಬಿಸಿ ಶಾಖ ಹಾಯೆನಿಸುತ್ತದೆ. ದಿನಗಟ್ಟಲೆ ಹಾಸಿಗೆ ಹಿಡಿಯುವುದನ್ನು ವೈದ್ಯರು ಕೈಬಿಟ್ಟು ದಶಕಗಳಾದವು. ನೋವು ತಡೆಯುವಷ್ಟು ಓಡಾಟವೇ ಬೇಗ ಗುಣಪಡಿಸುತ್ತದೆ. ಐಬುಪ್ರೊಫೆನ್‌ನಂಥ ಮಾತ್ರೆ ಬಿ.ಪಿ., ಮೂತ್ರಪಿಂಡ, ಹೊಟ್ಟೆಹುಣ್ಣಿನ ತೊಂದರೆ ಇದ್ದವರಿಗೆ ಕೇಳದೆ ಕೊಡಬಾರದು. ಬಹುತೇಕ ಉಳುಕುಗಳು ಕೆಲವು ವಾರಗಳಲ್ಲಿ ತಾವಾಗಿ ಇಳಿಯುತ್ತವೆ.

ಕಾಯಬಾರದ ಲಕ್ಷಣಗಳು ಬೇರೆ. ಮೂತ್ರ ಕಟ್ಟುವುದು ಅಥವಾ ಹತೋಟಿ ತಪ್ಪುವುದು, ಸೈಕಲ್ ಸೀಟು ತಾಗುವ ಭಾಗ ಮರಗಟ್ಟುವುದು, ಎರಡೂ ಕಾಲು ಸೋಲುವುದು, ನಡೆಯುವಾಗ ಪಾದದ ಮುಂಭಾಗ ಎತ್ತಲಾಗದೆ ನೆಲಕ್ಕೆ ಬಡಿಯುವುದು: ಇವು ನರದ ಗುಚ್ಛ ಒತ್ತಿಹೋದ ಸೂಚನೆ. ಅವತ್ತೇ, ಆ ಗಂಟೆಯಲ್ಲೇ ಆಸ್ಪತ್ರೆಗೆ ಹೋಗಬೇಕು. ನೋವು ಮಂಡಿ ದಾಟಿ ಕೆಳಗಿಳಿದು ವಾರವಾದರೂ ಕಡಿಮೆಯಾಗದಿದ್ದರೆ ವೈದ್ಯರನ್ನು ಕಾಣಿ.

ಮತ್ತೆ ಸಲಿಕೆ ಹಿಡಿಯುವುದು ಯಾವಾಗ? ಮಾಪಿನ ಕೋಲಿನ ಪರೀಕ್ಷೆಯನ್ನು ಹತ್ತು ಸಲ ನೋವಿಲ್ಲದೆ ಮಾಡಲು ಬಂದ ಮೇಲೆ. ಮೊದಲೆರಡು ಹಿಮಕ್ಕೆ ಪುಷರ್ ಮಾತ್ರ, ಅದೂ ಕಾಲು ಗಂಟೆ. ರಸ್ತೆಯಂಚಿನ ದಿಬ್ಬ ಆ ಋತುವಿಗೆ ಮನೆಯ ಇನ್ನೊಬ್ಬರ ಪಾಲಿಗಿರಲಿ.